ಮೂರನೇ ಬೇಸಿನ ಕಡೆಯ ಸೀಟು

ನಮ್ಮ ಬುಸಾನ್ ಊರಿನಲ್ಲಿ ಗಂಡಸಿಗೆ ಈಜು ಬರದಿದ್ದರೆ ನಡೆಯುತ್ತದೆ. ಮೀನು ಸೇರದಿದ್ದರೆ ಕಷ್ಟಪಟ್ಟು ನಡೆಯುತ್ತದೆ. ಬೇಸ್‌ಬಾಲ್ ಗೊತ್ತಿಲ್ಲ ಎಂದರೆ ಮಾತ್ರ ಹೆಣ್ಣು ಕೊಡುವುದಿಲ್ಲ. ಇದು ಕಾನೂನೇನೂ ಅಲ್ಲ. ಕಾನೂನಾಗಿದ್ದರೆ ಮುರಿಯುವವರೂ ಇರುತ್ತಿದ್ದರು.

ಇಂಥ ಊರಿಗೆ ಓಕ್ ಮಾನ್‌ಶಿಕ್ ಎಂಬ ಮನುಷ್ಯ ಬಡಗಣ ಬೆಟ್ಟಗಳ ಸಂದಿಯ ಒಂದು ಹಳ್ಳಿಯಿಂದ ಬಂದ. ಅವನ ಹಳ್ಳಿಯಲ್ಲಿ ಸಮತಟ್ಟಾದ ಜಾಗ ಎಂದರೆ ಶಾಲೆಯ ಮೇಜು ಮಾತ್ರವಂತೆ. ಚೆಂಡು ಎಸೆದರೆ ಅದು ಉರುಳಿ ಉರುಳಿ ಕೆಳಗಿನ ತಾಲ್ಲೂಕು ಸೇರುತ್ತಿತ್ತಂತೆ. ಹಾಗಾಗಿ ಅಲ್ಲಿನ ಹುಡುಗರು ಕುಸ್ತಿ ಮಾಡಿಕೊಂಡು ಬೆಳೆದರು. ಅವನು ನಮ್ಮೂರಿಗೆ ಬಂದದ್ದು ಬಟ್ಟೆ ಇಸ್ತ್ರಿ ಮಾಡುವ ಕೆಲಸಕ್ಕೆ. ಬಂದವನು ಹಾಂಗ್‌ಸುಕ್ ಎಂಬ ಹುಡುಗಿಯನ್ನು ಮೆಚ್ಚಿದ. ಹುಡುಗಿಯೂ ಮೆಚ್ಚಿದಳು. ಉಳಿದದ್ದು ಹುಡುಗಿಯ ತಾಯಿ ಮಾಲ್‌ಸುನಮ್ಮ ಮಾತ್ರ. ನಮ್ಮೂರಿನ ತಿಮಿಂಗಿಲ ತಂಡ ಎಂದರೆ ಪ್ರಾಣ ಬಿಡುವ ಹೆಂಗಸು. ತಂಡ ಸೋತ ದಿನ ಅವರ ಮನೆಯಲ್ಲಿ ಸಾರಿಗೆ ಉಪ್ಪು ಬೀಳುತ್ತಿರಲಿಲ್ಲ.

ಮೊದಲ ಸಲ ಊಟಕ್ಕೆ ಕರೆದಾಗ ಅವರು ಅನ್ನದ ಬಟ್ಟಲು ಮುಂದಿಟ್ಟು, ಕುಶಲ ಕೂಡ ಕೇಳದೆ, "ನಿನ್ನೆ ನಮ್ಮೋರ ಆಟದ ಬಗ್ಗೆ ಏನಂತೀರಿ?" ಎಂದರಂತೆ. ಮಾನ್‌ಶಿಕ್ ಚಮಚ ಕೆಳಗಿಟ್ಟ. ಬರುವಾಗ ಬಸ್ಸಿನಲ್ಲಿ ಇಬ್ಬರು ಮುದುಕರು ಚೆಂಡು ಎಸೆಯುವ ಪಿಚರ್ ಬಗ್ಗೆ ಏನೋ ಬೈದುಕೊಳ್ಳುತ್ತಿದ್ದುದು ಪುಣ್ಯಕ್ಕೆ ನೆನಪಿತ್ತು. ಅದನ್ನೇ ಹೇಳಿದ:

"ಪಿಚರ್‌ನ ಇನ್ನೂ ಸ್ವಲ್ಪ ಮುಂಚೆ ಬದಲಾಯಿಸ್ಬೇಕಿತ್ತು."

ಮಾಲ್‌ಸುನಮ್ಮ ಅವನನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಟ್ಟಲಿನ ದೊಡ್ಡ ಮೀನು ಎತ್ತಿ ಅವನ ಬಟ್ಟಲಿಗೆ ಹಾಕಿದರು. ಮದುವೆ ನಿಶ್ಚಯವಾಯಿತು.

ಆ ಒಂದು ವಾಕ್ಯದ ಮೇಲೆ ಆ ಮನುಷ್ಯ ಅಲ್ಲಿಂದ ಎಂಟು ವರ್ಷ ಬದುಕಿದ. ನಾನು ಅವನ ಲಾಂಡ್ರಿಯ ಎದುರಿಗೇ ಪಲ್ಯದ ಅಂಗಡಿ ಇಟ್ಟವಳು. ಓಣಿಯವರೆಲ್ಲ ನನ್ನನ್ನು ಪಲ್ಯದಕ್ಕ ಎನ್ನುತ್ತಾರೆ. ಎಲ್ಲವೂ ನನ್ನ ಕಣ್ಣೆದುರಿಗೇ ನಡೆದದ್ದು. ತಂಡ ಸೋತ ಮರುದಿನ ಓಣಿಯ ಗಂಡಸರು ಲಾಂಡ್ರಿ ಮುಂದೆ ಸೇರುತ್ತಿದ್ದರು. ಮಾನ್‌ಶಿಕ್ ಇಸ್ತ್ರಿಪೆಟ್ಟಿಗೆಯನ್ನು ನಿಧಾನಕ್ಕೆ ಕೆಳಗಿಟ್ಟು, ಆವಿಯ ಒಳಗಿಂದ ಋಷಿಯ ಹಾಗೆ ಕಾಣಿಸಿಕೊಂಡು, "ಪಿಚರ್‌ನ ಇನ್ನೂ ಸ್ವಲ್ಪ ಮುಂಚೆ..." ಎನ್ನುತ್ತಿದ್ದ. ಎಲ್ಲರೂ ನಿಟ್ಟುಸಿರು ಬಿಟ್ಟು ತಲೆಯಾಡಿಸುತ್ತಿದ್ದರು. ಸೋತ ಯಾವ ಆಟಕ್ಕಾದರೂ ಹೊಂದುವ ಮಾತು ಅದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕಡಿಮೆ ಮಾತಾಡುವವನು, ತೂಕದ ಮನುಷ್ಯ ಎಂದುಕೊಂಡೆವು. 'ಕೋಚ್ ಸಾಹೇಬರು' ಎಂದು ಹೆಸರಿಟ್ಟೆವು.

ಅವನಿಗೆ ಒಬ್ಬಳು ಮಗಳು ಹುಟ್ಟಿದಳು, ದಾನ್‌ಬಿ. ಈಗ ಶಿಶುವಿಹಾರಕ್ಕೆ ಹೋಗುತ್ತಾಳೆ. ಮುಂದಿನ ಎರಡು ಹಲ್ಲಿಲ್ಲ. ಪ್ರಶ್ನೆಗಳಿಗೆ ಮಾತ್ರ ಕೊರತೆಯಿಲ್ಲ. ಒಂದು ದಿನ ಶಿಶುವಿಹಾರದ ಟೀಚರಮ್ಮ ಒಗೆಯಲು ಕೋಟು ತಂದವರು, ಕೋಟು ಕೊಡುವುದನ್ನೇ ಮರೆತು ಸೊಂಟ ಬಗ್ಗಿಸಿ ನಮಸ್ಕಾರ ಮಾಡಿದರು.

"ಸಾರ್, ನೀವು ಇಷ್ಟು ದೊಡ್ಡೋರು ಅಂತ ನಮಗೆ ಗೊತ್ತೇ ಇರ್ಲಿಲ್ಲ. ನಿಮ್ಮಪ್ಪ ಏನ್ಮಾಡ್ತಾರೆ ಅಂತ ಕೇಳಿದ್ದಕ್ಕೆ ದಾನ್‌ಬಿ, 'ನಮ್ಮಪ್ಪ ಬೆಳಿಗ್ಗೆ ಇಸ್ತ್ರಿ ಮಾಡ್ತಾರೆ, ಸಾಯಂಕಾಲ ತಿಮಿಂಗಿಲದೋರಿಗೆ ಪಿಚರ್ ಬದಲಾಯಿಸಿ ಅಂತ ಹೇಳ್ತಾರೆ' ಅಂದ್ಲು. ಮಕ್ಕಳೆಲ್ಲ ಚಪ್ಪಾಳೆ ಹೊಡೆದ್ರು."

ಮಾನ್‌ಶಿಕ್ ಕೆಮ್ಮಿದ. "ಅಯ್ಯೋ, ಅಷ್ಟೇನಿಲ್ಲ ಟೀಚರ್," ಎಂದ. ಟೀಚರಮ್ಮ ಅದನ್ನು ವಿನಯ ಎಂದುಕೊಂಡು ಇನ್ನೂ ಕೆಳಗೆ ಬಗ್ಗಿದರು.

"ಅಪ್ಪ," ಎಂದಳು ಕೌಂಟರಿನ ಕೆಳಗಿನಿಂದ ದಾನ್‌ಬಿ. "ಮಕ್ಕಳ ದಿನಾಚರಣೆಗೆ ಎಲ್ರೂ ಆಟಕ್ಕೆ ಹೋಗ್ತಾರಂತೆ. ನಾವು ಯಾಕೆ ಒಂದ್ಸಲಾನೂ ಹೋಗಿಲ್ಲ?"

ಎದುರಿಗೆ ಟೀಚರಮ್ಮ. ಬಾಗಿಲಲ್ಲಿ ಮೀನುವಡೆ ಅಂಗಡಿಯ ಬ್ಯೊನ್ ಮಾವ. ರಸ್ತೆಯಾಚೆ ನಾನು, ಕೈಯಲ್ಲಿ ಮೂಲಂಗಿ. ಓಡಲು ದಾರಿಯಿರಲಿಲ್ಲ.

"ಈ ಸಲ ಹೋಗೋಣ ಕಂದ," ಎಂದ ಮಾನ್‌ಶಿಕ್.

ಟಿಕೆಟ್ಟನ್ನು ಯಾರನ್ನೂ ಕೇಳದೆ ತಾನೇ ಫೋನಿನಲ್ಲಿ ತೆಗೆಸಿದ. ಕೇಳಿದರೆ ಗುಟ್ಟು ಬಯಲಾಗುತ್ತದಲ್ಲ. ಬ್ಯೊನ್ ಮಾವ ಬಿಡುತ್ತಾರೆಯೇ? "ಸಾಹೇಬ್ರೇ, ಯಾವ ಕಡೆ ಸೀಟು?" ಎಂದರು.

"ಮೂರನೇ ಬೇಸಿನ ಕಡೆ."

ಓಣಿಯವರು ಕೈಯಲ್ಲಿದ್ದ ಕೆಲಸ ಬಿಟ್ಟು ತಿರುಗಿ ನೋಡಿದರು. ನಮ್ಮ ತಂಡದವರು, ನಮ್ಮ ಜನ, ನಮ್ಮ ಡೋಲು, ಎಲ್ಲ ಇರುವುದು ಮೊದಲನೇ ಬೇಸಿನ ಕಡೆ. ಮೂರನೇ ಬೇಸಿನ ಕಡೆ ಕೂರುವವರು ಹೊರಗಿನಿಂದ ಬಂದ ಶತ್ರುಗಳು. ಇದು ನಮ್ಮೂರಿನ ತೊಟ್ಟಿಲ ಕೂಸಿಗೂ ಗೊತ್ತು.

ಬ್ಯೊನ್ ಮಾವ ಗಲ್ಲ ಕೆರೆದುಕೊಂಡರು. ನಿಧಾನವಾಗಿ ಅವರ ಮುಖ ಅರಳಿತು. "ಆಹಾ! ಅಲ್ಲಿಂದ ನೋಡಿದ್ರೆ ನಮ್ಮ ಕೋಚ್ ಕೂತಿರೋದು ನೇರ ಎದುರಿಗೆ ಕಾಣುತ್ತೆ! ಇಷ್ಟು ವರ್ಷ ನಾವು ನಮ್ಮೋರ ನೆತ್ತಿ ನೋಡ್ಕೊಂಡು ಬಂದ್ವಲ್ಲೋ! ಆಟ ತಿಳಿದೋರು ಅಂದ್ರೆ ಇವ್ರು ಕಣಯ್ಯ."

ಎಲ್ಲರೂ ಹೌದೌದು ಎಂದರು. ನಾನೂ ಎಂದೆ. ಸುಳ್ಳೇಕೆ ಹೇಳಲಿ, ಆ ದಿನ ಅವನಿಗೆ ಒಂದು ಹಿಡಿ ಎಳ್ಳೆಲೆ ಉಪ್ಪಿನಕಾಯಿ ಪುಕ್ಕಟೆ ಕೊಟ್ಟೆ.

ಮಕ್ಕಳ ದಿನಾಚರಣೆಯ ದಿನ ಹಾಂಗ್‌ಸುಕ್‌ಗೆ ರಜೆ ಸಿಗಲಿಲ್ಲ. ಅವಳು ಆಸ್ಪತ್ರೆಯಲ್ಲಿ ನರ್ಸು. ಮಾಲ್‌ಸುನಮ್ಮನ ಮೊಣಕಾಲಿಗೆ ಆಪರೇಷನ್ ಆಗಿ ಮೆಟ್ಟಿಲು ಹತ್ತುವಂತಿರಲಿಲ್ಲ. "ನಾನು ಟೀವೀಲಿ ನೋಡ್ತೀನಿ. ಮೊಮ್ಮಗಳ ಮೊದಲ್ನೇ ಆಟ. ಪಲ್ಯದವಳೇ, ನೀನು ಜೊತೇಲಿರು," ಎಂದು ನನ್ನನ್ನು ಕಳಿಸಿದರು. ಹೀಗೆ ಒಂದು ಡಬ್ಬಿ ಕಿಂಬಾಪ್ ಅನ್ನದ ಸುರುಳಿ ಕಟ್ಟಿಕೊಂಡು ನಾನೂ ಹೊರಟೆ.

ದಾನ್‌ಬಿಯ ಅಲಂಕಾರ ನೋಡಬೇಕಿತ್ತು. ಕಡುನೀಲಿ ಅಂಗಿ, ತಲೆಗೆ ತಿಮಿಂಗಿಲದ ಮುಖದ ಟೋಪಿ, ಬೆನ್ನ ಹಿಂದೆ ಬಟ್ಟೆಯ ಬಾಲ. ಅಪ್ಪನ ತಲೆಗೂ ಒಂದು ನೀಲಿ ಟೋಪಿ ಹಾಕಿಸಿದ್ದಳು. ರೈಲಿನಲ್ಲಿ, ಗೇಟಿನಲ್ಲಿ, ಕಡಲೆ ಮಾರುವ ಅಜ್ಜಿಯ ಹತ್ತಿರ, ಎಲ್ಲರೂ ಅವಳ ಬಾಲ ಎಳೆದು ಕೇಳುವವರೇ: "ಏನ್ ಪುಟ್ಟಿ, ಮೊದಲ್ನೇ ಸಲಾನಾ?" ಅವಳು ಪ್ರತಿ ಸಲ "ಹೂಂ" ಎಂದು ಅಪ್ಪನ ಕೈ ಇನ್ನಷ್ಟು ಗಟ್ಟಿ ಹಿಡಿಯುತ್ತಿದ್ದಳು.

ಮೆಟ್ಟಿಲು ಹತ್ತಿ ಒಳಗೆ ಬಂದೆವು. ಹಸಿರು ಮೈದಾನ ಒಮ್ಮೆಲೇ ಕಣ್ಣಿಗೆ ಬಿತ್ತು. ದಾನ್‌ಬಿ ಬಾಯಿ ತೆರೆದು ನಿಂತಳು. ಪಕ್ಕದಲ್ಲಿ ಮಾನ್‌ಶಿಕನೂ ಹಾಗೇ ಬಾಯಿ ತೆರೆದು ನಿಂತಿದ್ದ. ಆಗಲೇ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ನನ್ನ ಗಮನ ಬೇರೆ ಕಡೆ ಇತ್ತು. ನಮ್ಮ ಸುತ್ತ ಎಲ್ಲಿ ನೋಡಿದರೂ ಕೆಂಪು. ಸೋಲ್ ನಗರದ ಕೊಕ್ಕರೆ ತಂಡದ ಜನ, ಕೆಂಪು ಅಂಗಿ, ಕೆಂಪು ಕೊಕ್ಕಿನ ಟೋಪಿ. ಆ ಕೆಂಪು ಸಮುದ್ರದ ನಡುವೆ ನಮ್ಮದೊಂದು ಪುಟ್ಟ ನೀಲಿ ತಿಮಿಂಗಿಲ.

ಪಕ್ಕದ ಸೀಟಿನಲ್ಲಿ ದೊಡ್ಡ ಹೊಟ್ಟೆಯ, ಇನ್ನೂ ದೊಡ್ಡ ನಗುವಿನ ಒಬ್ಬರು ಕೂತಿದ್ದರು. ಪ್ಯೋ ಎಂದು ಹೆಸರು. ಜೊತೆಯಲ್ಲಿ ದಾನ್‌ಬಿಗಿಂತ ಒಂದು ಗೇಣು ಎತ್ತರದ ಮಗ ಯೂಲ್, ಕೈಗೆ ಚರ್ಮದ ಗ್ಲೌಸು ಹಾಕಿಕೊಂಡು ಆಕಾಶ ನೋಡುತ್ತ ಕೂತಿದ್ದ.

"ಏನ್ ಸ್ವಾಮಿ, ದಾರಿ ತಪ್ಪಿ ಬಂದ್ರಾ? ನಿಮ್ಮ ಸಮುದ್ರ ಆ ಕಡೆ!" ಎಂದರು ಪ್ಯೋ.

ಮಾನ್‌ಶಿಕ್ ಉತ್ತರಿಸುವ ಮೊದಲೇ ದಾನ್‌ಬಿ ಸೀಟಿನ ಮೇಲೆ ನಿಂತು ಸಾರಿದಳು: "ನಮ್ಮಪ್ಪ ಕೋಚ್! ದಾರಿ ತಪ್ಪಲ್ಲ!"

ಮೂರು ಸಾಲು ತಿರುಗಿ ನೋಡಿತು. ಪ್ಯೋ ತಕ್ಷಣ ಕರಿದ ಕೋಳಿಯ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. "ಗೊತ್ತಾಗ್ಲಿಲ್ಲ, ಕ್ಷಮಿಸ್ಬೇಕು. ನಮ್ಮೋರನ್ನ ಹತ್ತಿರದಿಂದ ನೋಡೋಕೆ ಬಂದಿದೀರಾ? ಗೂಢಚಾರಿಕೆ! ತಗೊಳ್ಳಿ, ಕಾಲು ತುಂಡು ತಗೊಳ್ಳಿ."

ಆಟ ಶುರುವಾಯಿತು. ದಾನ್‌ಬಿಯ ಪ್ರಶ್ನೆಗಳೂ ಶುರುವಾದವು.

"ಅಪ್ಪ, ಆ ಕೂತಿರೋ ಮಾಮ ಮುಖಕ್ಕೆ ಯಾಕೆ ಪಂಜರ ಹಾಕ್ಕೊಂಡಿದಾರೆ? ಕಚ್ತಾರಾ?"

ಮಾನ್‌ಶಿಕ್ ಗಂಭೀರವಾಗಿ ಯೋಚಿಸಿದ. "ಸ್ವಲ್ಪ ಮುಂಗೋಪ ಇರ್ಬೇಕು."

ಪ್ಯೋ ಬಿಯರ್ ಕುಡಿಯುತ್ತಿದ್ದವರು ಮೂಗಿಗೆ ಹತ್ತಿಸಿಕೊಂಡರು.

"ಮತ್ತೆ ಕಾಲ ಸಂದೀಲಿ ಬೆರಳು ಯಾಕೆ ತೋರಿಸ್ತಿದಾರೆ? ಒಂದು, ಎರಡು, ಆಮೇಲೆ ಒಂದು?"

"ಲೆಕ್ಕ ಕಲೀತಿದಾರೆ."

ಯಾವ ಚೆಂಡು ಎಸೆಯಬೇಕೆಂದು ಕ್ಯಾಚರ್ ಪಿಚರನಿಗೆ ಮಾಡುವ ಗುಟ್ಟಿನ ಸನ್ನೆ ಅದು. ಪ್ಯೋ ಹೊಟ್ಟೆ ಹಿಡಿದುಕೊಂಡು ಹಿಂದಿನ ಸಾಲಿಗೆ ಅದನ್ನು ದಾಟಿಸಿದರು. ಹಿಂದಿನ ಸಾಲು ಅದರ ಹಿಂದಿನ ಸಾಲಿಗೆ ದಾಟಿಸಿತು. "ಎಂಥಾ ತಮಾಷೆ ಮನುಷ್ಯ! ನಿಜವಾಗ್ಲೂ ಆಟ ಗೊತ್ತಿರೋರು ಮಾತ್ರ ಹೀಗೆ ನಗಿಸ್ತಾರೆ," ಎಂದು ಯಾರೋ ಹೇಳಿದರು. ನನಗೆ ಮಾತ್ರ ನಗು ಬರಲಿಲ್ಲ. ನಾನು ಅವನ ಮುಖ ನೋಡಿದೆ. ಹಣೆಯ ಮೇಲೆ ಬೆವರು ಸಾಲುಗಟ್ಟಿತ್ತು. ಇವನು ತಮಾಷೆ ಮಾಡುತ್ತಿಲ್ಲ ಎಂದು ಆಗ ನನ್ನ ತಲೆಗೆ ಹೋಯಿತು. ಕಿಂಬಾಪ್ ಡಬ್ಬಿ ಮುಚ್ಚಿಟ್ಟೆ.

ನಮ್ಮ ತಂಡದ ಪಿಚರ್ ಅಂದು ಅದ್ಭುತವಾಗಿ ಎಸೆಯುತ್ತಿದ್ದ. ಕೊಕ್ಕರೆಯವರು ಬರುವುದು, ಬ್ಯಾಟು ಬೀಸುವುದು, ತಲೆ ತಗ್ಗಿಸಿಕೊಂಡು ಹಿಂದಿರುಗುವುದು, ಇಷ್ಟೇ. ಪ್ಯೋ ಸಪ್ಪೆ ಮುಖದಲ್ಲಿ ಕೇಳಿದರು: "ಕೋಚ್ ಸಾಹೇಬ್ರೇ, ನೀವೇನಂತೀರಿ?"

ಮಾನ್‌ಶಿಕನ ಬಳಿ ಇದ್ದದ್ದು ಒಂದೇ ವಾಕ್ಯ. "ಪಿಚರ್‌ನ ಬದಲಾಯಿಸ್ಬೇಕು."

"ಯಾರನ್ನ? ನಿಮ್ಮೋನನ್ನಾ? ಇಷ್ಟು ಚೆನ್ನಾಗಿ ಎಸೀತಿದಾನಲ್ರೀ!"

"ಈಗಲೇ ಬದಲಾಯಿಸ್ಬೇಕು," ಎಂದು ಮಾನ್‌ಶಿಕ್ ದನಿ ಗಟ್ಟಿ ಮಾಡಿದ. ಒಮ್ಮೆ ಹೇಳಿದ ಮೇಲೆ ಹಿಂದೆ ಸರಿಯುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ.

ಸುತ್ತ ಇದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟರಲ್ಲಿ ಮೈದಾನದಲ್ಲಿ ನಮ್ಮ ಪಿಚರ್ ಕೈ ಒದರಿದ. ಬೆರಳಿನಲ್ಲಿ ಬೊಬ್ಬೆ ಎದ್ದಿತ್ತಂತೆ. ಡಾಕ್ಟರು ಓಡಿದರು. ಕೋಚ್ ಬಂದರು. ಪಿಚರನ್ನು ಬದಲಾಯಿಸಿದರು.

ಕೆಂಪು ಸಮುದ್ರ ನಮ್ಮ ಕಡೆಗೇ ತಿರುಗಿತು. ಮೇಲಿನ ಸಾಲಿನಿಂದ ಒಬ್ಬರು ಒಣಗಿಸಿದ ಸ್ಕ್ವಿಡ್ ಮೀನನ್ನು ಹಣ್ಣುಕಾಯಿ ಒಪ್ಪಿಸುವ ಹಾಗೆ ಕೆಳಗೆ ದಾಟಿಸಿದರು. ಇನ್ನೊಬ್ಬರು ಬೇಯಿಸಿದ ಮೊಟ್ಟೆ ಕಳಿಸಿದರು. "ಇಲ್ಲಿಂದ ಬೊಬ್ಬೆ ಕಾಣಿಸ್ತೇನ್ರೀ ಇವರಿಗೆ?" "ಬೊಬ್ಬೆ ಅಲ್ಲ ಕಣೇ, ಭುಜ ನೋಡಿ ಹೇಳ್ತಾರೆ ಇವ್ರೆಲ್ಲ." ಒಬ್ಬ ಅಜ್ಜಿ ಬೇಯಿಸಿದ ಗೆಣಸು ಅವನ ಕೈಗಿಟ್ಟು, ತನ್ನ ಅಳಿಯನಿಗೆ ಕೆಲಸ ಯಾವಾಗ ಸಿಗುತ್ತದೆ ಎಂದೂ ಕೇಳಿದಳು.

ದಾನ್‌ಬಿ ಹೆಮ್ಮೆಯಿಂದ ಬಾಲ ಅಲ್ಲಾಡಿಸುತ್ತಿದ್ದಳು.

ಅನಾಹುತ ಆಗ ಆಯಿತು. ಹೊಸ ಪಿಚರ್ ಮೊದಲು ಇಬ್ಬರನ್ನು ಬೇಸು ಸೇರಲು ಬಿಟ್ಟ. ಆಮೇಲೆ ಎಸೆದ ಚೆಂಡಿಗೆ ಕೊಕ್ಕರೆಯವನೊಬ್ಬ ಠಪ್ಪೆಂದು ಹೊಡೆದ. ಚೆಂಡು ಮೇಲೆ, ಇನ್ನೂ ಮೇಲೆ ಹೋಗಿ, ಬೇಲಿ ದಾಟಿ ಜನರ ನಡುವೆ ಬಿತ್ತು. ಬೇಸುಗಳ ಮೇಲೆ ನಿಂತಿದ್ದ ಇಬ್ಬರೂ ಹೊಡೆದವನೂ ಓಡಿ ಬಂದರು. ಅಷ್ಟು ಸೊಗಸಾಗಿ ಹಾರುವ ವಸ್ತುವನ್ನು ಮಾನ್‌ಶಿಕ್ ಜನ್ಮದಲ್ಲಿ ಕಂಡಿರಲಿಲ್ಲ. ಸುತ್ತ ಇದ್ದವರೆಲ್ಲ ಎದ್ದು ಕೂಗಿದರು. ಅವನೂ ಎದ್ದು ಕೂಗಿದ. ಪ್ಯೋ ಅವನನ್ನು ಅಪ್ಪಿಕೊಂಡರು. ಅವನು ಪ್ಯೋರನ್ನು ಅಪ್ಪಿಕೊಂಡ. ಇಬ್ಬರೂ ಸೇರಿ ಕುಣಿದರು.

ಕ್ಯಾಮೆರಾದವನಿಗೆ ಇದಕ್ಕಿಂತ ಇನ್ನೇನು ಬೇಕು? ಮೈದಾನದ ದೊಡ್ಡ ಪರದೆಯ ಮೇಲೆ ನೀಲಿ ಟೋಪಿಯ ಒಬ್ಬ ಗಂಡಸು ಕೆಂಪು ಅಂಗಿಯ ದಪ್ಪ ಮನುಷ್ಯನ ಕುತ್ತಿಗೆಗೆ ಜೋತುಬಿದ್ದು ಆನಂದಬಾಷ್ಪ ಸುರಿಸುತ್ತಿದ್ದ. ಎದುರುಗಡೆ ನಮ್ಮೂರಿನ ಜನ ಮೊದಲು ಕಣ್ಣುಜ್ಜಿಕೊಂಡರು. ಆಮೇಲೆ "ಊಊಊ" ಎಂದು ಒಂದೇ ದನಿಯಲ್ಲಿ ಛೀಮಾರಿ ಹಾಕಿದರು.

ನನ್ನ ಫೋನು ಹೊಡೆದುಕೊಂಡಿತು.

"ಪಲ್ಯದವಳೇ," ಎಂದರು ಮಾಲ್‌ಸುನಮ್ಮ. ದನಿ ಬಹಳ ಶಾಂತವಾಗಿತ್ತು. "ಅವನ ಕಿವಿಗಿಡು."

ನಾನು ಸ್ಪೀಕರ್ ಒತ್ತಿ ಹಿಡಿದೆ. ಗಲಾಟೆಯಲ್ಲಿ ಬೇರೆ ದಾರಿಯಿರಲಿಲ್ಲ.

"ಅಳಿಯಂದಿರೇ, ಟೀವೀಲಿ ತಮ್ಮ ದರ್ಶನ ಆಯ್ತು."

"ಅತ್ತೆ, ಅದು... ಪಿಚರ್‌ನ ಇನ್ನೂ ಸ್ವಲ್ಪ ಮುಂಚೆ..."

"ಬಾಯಿ ಮುಚ್ಚೋ! ಮೊದಲ್ನೇ ಸಲ ಊಟಕ್ಕೆ ಬಂದಾಗ್ಲೂ ಇದನ್ನೇ ಹೇಳ್ದೆ. ಅದರ ಹಿಂದಿನ ದಿನ ಜಡಿಮಳೆ ಬಂದು ಆಟಾನೇ ನಡೆದಿರ್ಲಿಲ್ಲ ಕಣೋ!"

ಮಾನ್‌ಶಿಕ್ ಫೋನಿನ ಕಡೆ ಬಗ್ಗಿದ. ಸಣ್ಣ ದನಿಯಲ್ಲಿ ಕೇಳಿದ: "ಮತ್ತೆ... ಮಗಳನ್ನ ಯಾಕೆ ಕೊಟ್ರಿ ಅತ್ತೆ?"

"ಇಷ್ಟು ಕೆಟ್ಟದಾಗಿ ಸುಳ್ಳು ಹೇಳೋನು ನನ್ನ ಮಗಳಿಗೆ ಜನ್ಮದಲ್ಲಿ ಮೋಸ ಮಾಡಕ್ಕಾಗಲ್ಲ ಅಂತ ಕೊಟ್ಟೆ. ಈಗ ಮೊದ್ಲು ಆ ಕೊಕ್ಕರೆ ಮೇಲಿಂದ ಕೈ ತೆಗಿ!"

ಅವನು ಗಾಬರಿಯಿಂದ ಪ್ಯೋರ ಭುಜದ ಮೇಲಿದ್ದ ಕೈ ತೆಗೆದ. ಪ್ಯೋ ಕೂಡ ಗಾಬರಿಯಿಂದ ನೆಟ್ಟಗೆ ಕೂತರು. ಎಲ್ಲ ಅತ್ತೆಯರ ದನಿಯೂ ಒಂದೇ ಥರ ಇರುತ್ತದೆ.

ಫೋನು ಇಟ್ಟಾಯಿತು. ಸುತ್ತಲಿನ ಸಾಲುಗಳು ಮೈದಾನ ಬಿಟ್ಟು ನಮ್ಮನ್ನೇ ನೋಡುತ್ತಿದ್ದವು. ಯೂಲ್ ತನ್ನಪ್ಪನ ಕಿವಿಯಲ್ಲಿ ಹೇಳುತ್ತಿದ್ದೇನೆಂದುಕೊಂಡು ಎಲ್ಲರಿಗೂ ಕೇಳುವಂತೆ ಹೇಳಿದ: "ಅಪ್ಪ, ಆ ಮಾಮಂಗೆ ಯಾವ ಟೀಮು ಯಾವುದು ಅಂತಾನೂ ಗೊತ್ತಿಲ್ಲ."

ದಾನ್‌ಬಿಯ ಬಾಲ ಅಲ್ಲಾಡುವುದು ನಿಂತಿತು. ಅವಳು ಅಪ್ಪನ ಮುಖ ನೋಡಿದಳು. ಮಾನ್‌ಶಿಕ್ ತನ್ನ ಬೂಟು ನೋಡಿದ. ನಾನು ಏನಾದರೂ ಹೇಳಿ ಮುಚ್ಚಿಹಾಕೋಣವೆಂದು ಬಾಯಿ ತೆರೆದೆ. ಹುಡುಗಿ ನನಗಿಂತ ಚುರುಕಾಗಿದ್ದಳು.

ಅವಳು ಅಪ್ಪನ ಕಿವಿ ಹಿಡಿದು ಬಗ್ಗಿಸಿದಳು. "ಅಪ್ಪ, ನಿಂಗೆ ಬೇಸ್‌ಬಾಲ್ ಗೊತ್ತಿಲ್ವಾ?"

"ಇಲ್ಲ ಕಂದ."

"ಸ್ವಲ್ಪಾನೂ?"

"ಸ್ವಲ್ಪಾನೂ ಇಲ್ಲ. ಇಲ್ಲಿಗೆ ಬಂದೇ ಇರ್ಲಿಲ್ಲ. ನಂಗೂ ಇದು ಮೊದಲ್ನೇ ಸಲ."

ಅಳು ಬರುತ್ತದೆ ಎಂದು ನಾನು ಕರವಸ್ತ್ರ ಹುಡುಕಿದೆ. ಅದರ ಬದಲು ಹುಡುಗಿಯ ಮುಖ ದೀಪ ಹಚ್ಚಿದ ಹಾಗೆ ಬೆಳಗಿತು.

"ನಿಂಗೂ ಮೊದಲ್ನೇ ಸಲಾನಾ!" ಎಂದು ಅವಳು ಅಪ್ಪನ ಕೈಯನ್ನು ಎರಡೂ ಕೈಯಲ್ಲಿ ಹಿಡಿದಳು. "ನಂಗೊಬ್ಳಿಗೇ ಅಂದ್ಕೊಂಡಿದ್ದೆ. ಬೆಳಗ್ಗಿಂದ ಎಲ್ರೂ ನನ್ನೊಬ್ಳನ್ನೇ ಕೇಳ್ತಿದ್ರು. ಹೆದ್ರಬೇಡ ಅಪ್ಪ. ಜೋರಾಗಿ ಸದ್ದು ಬಂದ್ರೆ ನನ್ ಬಾಲ ಹಿಡ್ಕೋ."

ಅವಳು ಪ್ಯೋರ ಕಡೆ ತಿರುಗಿ, ಅಧಿಕೃತವಾಗಿ ಪರಿಚಯ ಮಾಡಿಕೊಟ್ಟಳು: "ಇವ್ರು ನಮ್ಮಪ್ಪ. ಮೊದಲ್ನೇ ಸಲ ಬಂದಿದಾರೆ. ಇವರಿಗೆ ಹೇಳ್ಕೊಡ್ತೀರಾ?"

ಪ್ಯೋರಂಥ ಗುರುವನ್ನು ನಾನು ಕಂಡಿಲ್ಲ. ಕೋಳಿಯ ಮೂಳೆಗಳನ್ನು ಡಬ್ಬಿಯ ಮುಚ್ಚಳದ ಮೇಲೆ ನಾಲ್ಕು ಮೂಲೆಗೆ ಇಟ್ಟರು. "ಇದು ಮೊದಲ್ನೇ ಬೇಸು, ಇದು ಎರಡು, ಇದು ಮೂರು. ಈ ರೆಕ್ಕೆ ಮೂಳೆ ಮನೆ. ಹೊಡೆದೋನು ಮನೆ ಬಿಟ್ಟು ಓಡ್ಬೇಕು, ಸುತ್ತು ಹಾಕಿ ಮನೆಗೆ ಬಂದ್ರೆ ಒಂದು ಅಂಕ."

"ಬರದಿದ್ರೆ?" ಎಂದ ಮಾನ್‌ಶಿಕ್.

"ಬರದಿದ್ರೆ ಮಧ್ಯದಲ್ಲೇ ನಿಂತ್ಕೊಂಡು, ಮುಂದಿನೋನು ಹೊಡೀಲಿ ಅಂತ ಕಾಯ್ಬೇಕು."

"ಪಾಪ," ಎಂದಳು ದಾನ್‌ಬಿ.

"ಪಾಪ," ಎಂದ ಮಾನ್‌ಶಿಕ್.

ತಂದೆ ಮಗಳು ತಲೆಗೆ ತಲೆ ತಾಗಿಸಿ ಮೂಳೆಗಳ ಮೇಲೆ ಬಗ್ಗಿದರು. ಆಮೇಲೆ ಇಬ್ಬರೂ ಪೈಪೋಟಿಯಲ್ಲಿ ಪ್ರಶ್ನೆ ಕೇಳಿದರು. ಹಿಂದಿನ ಸಾಲಿನವರು ಉತ್ತರ ಹೇಳಿದರು. ಉತ್ತರ ತಪ್ಪೆಂದು ಅದರ ಹಿಂದಿನ ಸಾಲಿನವರು ಜಗಳಕ್ಕೆ ಬಂದರು. ಭವಿಷ್ಯ ಕೇಳಿದ್ದ ಅಜ್ಜಿ ಮಾತ್ರ ಬೇಸರದಿಂದ ತನ್ನ ಬೇಯಿಸಿದ ಗೆಣಸು ವಾಪಸು ತೆಗೆದುಕೊಂಡಳು.

ಆಟ ಕೊನೆಗೆ ಬರುತ್ತಿತ್ತು. ನಮ್ಮ ತಿಮಿಂಗಿಲದವನೊಬ್ಬ ಬ್ಯಾಟು ಬೀಸಿದ. ಚೆಂಡು ಅಡ್ಡ ದಾರಿ ಹಿಡಿದು, ಗೆರೆಯ ಆಚೆ, ನೇರ ನಮ್ಮ ಕಡೆಗೇ ಬಂತು. ಸುತ್ತ ಇದ್ದ ಪರಿಣತರೆಲ್ಲ ಕೈ ಮೇಲೆತ್ತಿ ನಿಂತರು. ಮಾನ್‌ಶಿಕ್ ಮೈದಾನಕ್ಕೆ ಬೆನ್ನು ತಿರುಗಿಸಿ, ದಾನ್‌ಬಿಯನ್ನೂ ಯೂಲನನ್ನೂ ಒಟ್ಟಿಗೆ ತನ್ನ ಹೊಟ್ಟೆಯ ಕೆಳಗೆ ಎಳೆದುಕೊಂಡು ಮುದುರಿ ಕೂತ. ಚೆಂಡು ಅಷ್ಟೂ ಕೈಗಳನ್ನು ದಾಟಿ, ಅವನ ಪಕ್ಕದಲ್ಲಿದ್ದ ಖಾಲಿ ಕೋಳಿ ಡಬ್ಬಿಯಲ್ಲಿ ಧಪ್ ಎಂದು ಬಿತ್ತು.

ಜೀವಮಾನವೆಲ್ಲ ಗ್ಲೌಸು ಹಾಕಿಕೊಂಡು ಬಂದರೂ ಒಂದು ಚೆಂಡು ಸಿಗದವರು ನಮ್ಮೂರಿನಲ್ಲಿ ಸಾವಿರಾರು ಜನ ಇದ್ದಾರೆ.

ಆಗ ಎದುರುಗಡೆಯ ನಮ್ಮೂರ ಜನ ಶುರು ಮಾಡಿದರು, ಇಡೀ ಮೈದಾನ ನಡುಗುವ ಹಾಗೆ: "ಮಗೂಗ್ ಕೊಡು! ಮಗೂಗ್ ಕೊಡು!" ಚೆಂಡು ಯಾರಿಗೆ ಸಿಕ್ಕರೂ ಹತ್ತಿರದ ಮಗುವಿಗೆ ಕೊಟ್ಟುಬಿಡಬೇಕು. ಇದು ನಮ್ಮೂರಿನ ಪದ್ಧತಿ. ಕೊಕ್ಕರೆಯವರೂ ದನಿಗೂಡಿಸಿದರು. ಮಾನ್‌ಶಿಕ್ ಇನ್ನೂ ಮುದುರಿಯೇ ಇದ್ದ.

"ಅಕ್ಕ, ನನ್ನನ್ನೇ ಬೈತಿದಾರಾ?"

"ಇಲ್ಲ ಮಾರಾಯ! ಚೆಂಡು ಮಗೂಗ್ ಕೊಡು ಅಂತಿದಾರೆ!"

ಅವನು ಚೆಂಡನ್ನು ಅಂಗಿಯ ತುದಿಯಿಂದ ಒರೆಸಿ, ಕೋಳಿಯ ಎಣ್ಣೆ ತೆಗೆದು, ಎರಡು ಕೈಯಲ್ಲಿ ದಾನ್‌ಬಿಗೆ ಕೊಟ್ಟ. ಜನ ಚಪ್ಪಾಳೆ ತಟ್ಟಿದರು. ದಾನ್‌ಬಿ ಚೆಂಡನ್ನು ನೋಡಿದಳು. ಬೇಲಿಯ ಆಚೆ ನೋಡಿದಳು. ಚೆಂಡು ಹಿಡಿಯಲು ಓಡಿ ಬಂದಿದ್ದ ಕೊಕ್ಕರೆ ತಂಡದ ಆಟಗಾರ ಸೊಂಟದ ಮೇಲೆ ಕೈಯಿಟ್ಟು ಕೆಳಗೆ ನಿಂತಿದ್ದ.

"ಅಪ್ಪ, ಅವರ ಚೆಂಡು. ಪಾಪ, ಕಾಯ್ತಿದಾರೆ. ಕೊಟ್ಬಿಡೋಣ."

"ಬೇಡ ಪುಟ್ಟಿ, ಬೇಡ!" ಎಂದು ಮೂರು ಸಾಲೂ ಕೂಗಿತು. "ಇಟ್ಕೋಬೇಕು! ಅದು ನಿಂದೇ!"

ಎಂಟು ವರ್ಷ ನಾಲ್ಕು ಜನ ಹೇಳಿದ್ದಕ್ಕೆಲ್ಲ ತಲೆಯಾಡಿಸಿದ ಮನುಷ್ಯ. ಈಗ ಮೈದಾನ ತುಂಬ ಜನ ಒಂದು ಹೇಳುತ್ತಿದ್ದರು, ಮಗಳೊಬ್ಬಳು ಇನ್ನೊಂದು ಹೇಳುತ್ತಿದ್ದಳು. ಮಾನ್‌ಶಿಕ್ ಮಗಳನ್ನು ಎತ್ತಿಕೊಂಡು ಬೇಲಿಯ ಹತ್ತಿರ ಹೋದ.

ದಾನ್‌ಬಿಯ ಮೊದಲ ಎಸೆತ ಹಿಂದಕ್ಕೆ ಹೋಗಿ ಪ್ಯೋರ ತಲೆಗೆ ಬಿತ್ತು. ಪ್ಯೋ ತಲೆ ಉಜ್ಜಿಕೊಳ್ಳುತ್ತಲೇ ಚೆಂಡು ತಂದುಕೊಟ್ಟರು. ಎರಡನೆಯದು ಬೇಲಿ ದಾಟಿ ಕೆಳಗೆ ಪುಟಿಯಿತು. ಆಟಗಾರ ಹಿಡಿದು, ಟೋಪಿ ತೆಗೆದು ಬಗ್ಗಿ ನಮಸ್ಕಾರ ಮಾಡಿ, ಚೆಂಡನ್ನು ಮೆಲ್ಲಗೆ ಮೇಲಕ್ಕೆ ಎಸೆದ. ಈ ಸಲ ಯೂಲ್ ಹಿಡಿದ. ಬೆಳಗಿನಿಂದ ಕಾದಿದ್ದ ಗ್ಲೌಸಿನಲ್ಲಿ ಚಟ್ ಎಂದು ಸದ್ದು ಬಂತು. ಅವನ ಮುಖದಲ್ಲಿ ಅದೆಂಥ ಕಳೆ! ಅಷ್ಟು ಹಿಡಿದದ್ದೇ ಸಾಕೆಂದು ಅವನು ಅದನ್ನು ದಾನ್‌ಬಿಗೆ ಕೊಟ್ಟ. ದಾನ್‌ಬಿ ಮತ್ತೆ ಕೆಳಗೆ ಎಸೆದಳು. ಅಂಪೈರ್ ಎರಡೂ ಕೈ ಮೇಲೆತ್ತಿ ಆಟ ನಿಲ್ಲಿಸಿದರು.

ಸೀಟಿ ಊದುತ್ತ ಕಾವಲಿನವರೊಬ್ಬರು ಮೆಟ್ಟಿಲಿಳಿದು ಬಂದರು. ದಪ್ಪ ಮೀಸೆ, ಕೈಯಲ್ಲಿ ವಾಕಿಟಾಕಿ. "ಮೈದಾನಕ್ಕೆ ಎಸೆದಿದ್ದು ಯಾರು?"

"ನಾನು," ಎಂದ ಮಾನ್‌ಶಿಕ್.

"ಇಲ್ಲ ಸಾರ್, ನಾನು," ಎಂದರು ಪ್ಯೋ.

"ಸುಳ್ಳು!" ದಾನ್‌ಬಿಗೆ ಸಿಟ್ಟೇ ಬಂತು. "ಇವರಿಬ್ರಿಗೂ ಎಸೆಯೋಕೇ ಬರಲ್ಲ. ನಾನು ಎಸೆದಿದ್ದು!"

ಕಾವಲಿನವರು ಮಂಡಿಯೂರಿದರು. "ನೋಡು ಪುಟ್ಟಿ, ಕೆಳಗೆ ಏನೂ ಎಸೀಬಾರದು."

"ಅದು ಅವರದ್ದೇ."

"ಅವರದ್ದೇ. ಆದ್ರೆ ಇಲ್ಲಿಗೆ ಬಿದ್ಮೇಲೆ ನಿಂದು."

"ಮತ್ತೆ ನಮ್ ಲಾಂಡ್ರಿಗೆ ಬಂದ ಪ್ಯಾಂಟೆಲ್ಲ ನಮ್ದಾ?"

ಕಾವಲಿನವರು ಮೀಸೆ ಕೆರೆದುಕೊಂಡರು. ವಾಕಿಟಾಕಿ ಕರಕರ ಎಂದಿತು. ಅವರು ಅದಕ್ಕೆ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಇಲ್ಲ ಸಾರ್... ಕುಡುಕರ ಗಲಾಟೆ ಅಲ್ಲ... ಲಾಂಡ್ರಿ ವಿಚಾರ."

ಕೊನೆಗೆ ಆಟಗಾರನೇ ಬೇಲಿಯ ಬುಡಕ್ಕೆ ಬಂದು ಚೆಂಡನ್ನು ಎತ್ತಿ ಹಿಡಿದ. "ಪುಟ್ಟಿ, ನಮ್ಮ ಹತ್ರ ಬೇರೆ ಚೆಂಡಿದೆ. ಇದನ್ನ ನೀನು ಜೋಪಾನವಾಗಿ ಇಟ್ಕೊಂಡಿರ್ತೀಯಾ?"

"ವಾಪಸ್ ಯಾವಾಗ ಬೇಕು?"

ಅವನು ಸ್ವಲ್ಪ ಯೋಚಿಸಿದ. "ನೀನು ದೊಡ್ಡೋಳಾದ್ಮೇಲೆ."

"ಸರಿ," ಎಂದು ದಾನ್‌ಬಿ ಚೆಂಡು ಇಸಿದುಕೊಂಡಳು. ಅಂಪೈರ್ ಕೈ ಇಳಿಸಿದರು. ಕೆಂಪು, ನೀಲಿ ಎನ್ನದೆ ಇಡೀ ಮೈದಾನ ಚಪ್ಪಾಳೆ ತಟ್ಟಿತು. ಮಾನ್‌ಶಿಕನೂ ತಟ್ಟಿದ. ಈ ಸಲ ಯಾಕೆಂದು ಅವನಿಗೆ ಗೊತ್ತಿತ್ತು.

ನನ್ನ ಫೋನು ಮತ್ತೆ ಹೊಡೆದುಕೊಂಡಿತು. "ನೋಡಿದ್ಯೇನೇ!" ಮಾಲ್‌ಸುನಮ್ಮ ಅಳುತ್ತಿದ್ದರೋ ನಗುತ್ತಿದ್ದರೋ ತಿಳಿಯಲಿಲ್ಲ. "ಎಡಗೈ ಕಣೇ! ನನ್ನ ಮೊಮ್ಮಗಳು ಎಡಗೈಯಲ್ಲಿ ಎಸೀತಾಳೆ! ಎಡಗೈ ಪಿಚರ್‌ಗೆ ಎಷ್ಟು ಬೆಲೆ ಗೊತ್ತಾ! ಆ ದಡ್ಡ ಅಳಿಯಂಗೆ ಹೇಳು, ರಾತ್ರಿ ಊಟಕ್ಕೆ ಇಲ್ಲಿಗೇ ಬರ್ಬೇಕು. ಮೀನು ಹುರೀತೀನಿ."

ನಮ್ಮ ತಂಡ ಸೋತಿತು. ಗೇಟಿನ ಹತ್ತಿರ ಪ್ಯೋ ಮಾನ್‌ಶಿಕನ ಕೈ ಹಿಡಿದು ಕುಲುಕಿ, ಸೋಲ್‌ಗೆ ಬಂದರೆ ಮನೆಗೇ ಬರಬೇಕೆಂದು ಮತ್ತೆ ಮತ್ತೆ ಹೇಳಿ ಹೋದರು. ಎದುರುಗಡೆಯ ಬಾಗಿಲಿನಿಂದ ನಮ್ಮೂರಿನ ಜನ ಜೋಲು ಮುಖ ಹಾಕಿಕೊಂಡು, ಪಿಚರನ್ನೂ ಕೋಚನ್ನೂ ಆಕಾಶವನ್ನೂ ಬೈದುಕೊಳ್ಳುತ್ತ ಇಳಿದು ಬಂದರು. ಆ ಗುಂಪಿನ ನಡುವೆ ದಾನ್‌ಬಿ ಅಪ್ಪನ ಹೆಗಲ ಮೇಲೆ ಕೂತು, ಚೆಂಡನ್ನು ಅವನ ನೆತ್ತಿಯ ಮೇಲಿಟ್ಟು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಸ್ವಲ್ಪ ದೂರ ಹೋದೆವು. ಆಮೇಲೆ ಬಗ್ಗಿ ಅವನ ಮುಖವನ್ನು ತಲೆಕೆಳಗಾಗಿ ನೋಡಿದಳು.

"ಅಪ್ಪ, ನಾಳೇನೂ ಇಬ್ರೂ ಮೊದಲ್ನೇ ಸಲ ಬರೋಣ್ವಾ?"

ಮೊದಲನೇ ಸಲ ಎನ್ನುವುದು ಒಂದೇ ಸಲ ಎಂದು ತಿಳಿದ ಯಾವ ತಂದೆಯಾದರೂ ಅಲ್ಲಿ ನಿಂತು ಮಗುವಿಗೆ ವಿವರಿಸುತ್ತಿದ್ದ. ಓಕ್ ಮಾನ್‌ಶಿಕ್ ಅವಳ ಎರಡೂ ಕಾಲುಗಳನ್ನು ಗಟ್ಟಿಯಾಗಿ ಹಿಡಿದುಕೊಂಡು, ಎಲ್ಲ ಬಲ್ಲವನ ಹಾಗೆ ಗಂಭೀರವಾಗಿ ಹೇಳಿದ:

"ಬರೋಣ ಕಂದ. ನಾಡಿದ್ದೂ ಬರೋಣ."